ಜರ್ಮನಿಗೆ ಹೊರಟಿದ್ದೇನೆ, ಭಾಷೆಯನ್ನು ಇಲ್ಲೇ ಕಲಿಯಲು ಆರಂಭಿಸಬೇಕೇ?

ದಾವಣಗೆರೆಯಿಂದ ಪ್ರಶ್ನೆ: ಪತಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಮೇಲೆ ಹೋಗುತ್ತಿದ್ದಾರೆ. ಕೆಲವು ತಿಂಗಳ ನಂತರ ನಾನು ಮತ್ತು ನಾಲ್ಕು ವರ್ಷದ ಮಗಳು ಹೊರಡುತ್ತೇವೆ. ಬ್ಲೂ ಕಾರ್ಡ್ ಇರುವವರ ಪತ್ನಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬೇಕಿಲ್ಲವಂತೆ. ಅಲ್ಲಿ ಇಂಗ್ಲಿಷ್ ಸಾಕು, ಹೋದ ಮೇಲೆ ನೋಡಿಕೊಳ್ಳಿ ಎನ್ನುತ್ತಾರೆ ಪತಿಯ ಸಹೋದ್ಯೋಗಿಗಳು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ಮಾತನಾಡಲು ಈಗಲೂ ತಡವರಿಸುತ್ತೇನೆ. ಇನ್ನೊಂದು ಭಾಷೆ ನನ್ನಿಂದ ಸಾಧ್ಯವೇ? ಮಗಳೊಂದಿಗೆ ಮನೆಯಲ್ಲಿ ಯಾವ ಭಾಷೆ ಆಡಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಎಸ್‌ಲಿಂಗನ್‌ನಿಂದ: ಕನ್ನಡ ಮಾಧ್ಯಮ ಎಂದಿರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ಇಂಗ್ಲಿಷ್ ಚೆನ್ನಾಗಿ ಬಂದವರಿಗೆ ಮಾತ್ರ ಜರ್ಮನ್ ಒಲಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಪದಗಳ ಮಟ್ಟಿಗೆ ಇಂಗ್ಲಿಷ್ ನೆರವಾಗುತ್ತದೆ, ನಿಜ. ವಾಕ್ಯ ಕಟ್ಟುವಾಗ ಎಷ್ಟೋ ಕಡೆ ಕನ್ನಡವೇ ಕೈಹಿಡಿಯುತ್ತದೆ. 'ನನಗೆ ಚಳಿ' ಎನ್ನುವಾಗ ನಾವು ಚತುರ್ಥಿ ವಿಭಕ್ತಿ ಬಳಸುತ್ತೇವೆ. ಜರ್ಮನ್ನರೂ ಹಾಗೆಯೇ 'ಮಿಯರ್ ಇಸ್ಟ್ ಕಾಲ್ಟ್' ಎನ್ನುತ್ತಾರೆ. ಇಂಗ್ಲಿಷಿನಿಂದ ತಿರುಗಿಸಿಕೊಂಡು ಮಾತನಾಡುವವರು ಮುಗ್ಗರಿಸುವುದು ಇಲ್ಲೇ. ನೀನು, ನೀವು ಎಂಬ ಭೇದ ಅವರಲ್ಲೂ ಇದೆ: ಡು ಮತ್ತು ಝೀ. ವೈದ್ಯರಿಗೆ, ಅಂಗಡಿಯವರಿಗೆ, ಪರಿಚಯವಿಲ್ಲದ ಹಿರಿಯರಿಗೆ ಝೀ ಎನ್ನಿ. ಕಾರಣ ಹೇಳುವ 'ವೈಲ್' ಬಂದ ಕೂಡಲೇ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಅದಕ್ಕೆ ನಾವು ಹುಟ್ಟಿನಿಂದಲೇ ಒಗ್ಗಿಕೊಂಡವರು. ಹ್ರಸ್ವ, ದೀರ್ಘಗಳಿಗೂ ಬೆಲೆಯಿದೆ. ಷ್ಟಟ್ ಎಂದರೆ ನಗರ, ಷ್ಟಾಟ್ ಎಂದರೆ ರಾಷ್ಟ್ರ.

ನಿಜವಾದ ಕಷ್ಟ ಇರುವುದು ಲಿಂಗದಲ್ಲಿ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ. ತರ್ಕ ಹುಡುಕಬೇಡಿ. 'ಡೆರ್ ಟಿಷ್', 'ಡೀ ಲಾಂಪೆ' ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಿ.

ಇಲ್ಲೇ ಆರಂಭಿಸಬೇಕೇ ಎಂದರೆ, ಖಂಡಿತ ಹೌದು. ಸಹೋದ್ಯೋಗಿಗಳು ಹೇಳುತ್ತಿರುವುದು ಕಚೇರಿಯೊಳಗಿನ ಮಾತು. ಮಕ್ಕಳ ವೈದ್ಯರಲ್ಲಿ ಸಮಯ ಕೇಳುವುದು, ಕಿಂಡರ್‌ಗಾರ್ಟನ್‌ನ ಪೋಷಕರ ಸಭೆ, ವಿಮೆಯವರಿಂದ ಅಂಚೆಯಲ್ಲಿ ಬರುವ ಪತ್ರ, ಇವೆಲ್ಲ ಬಹುಪಾಲು ಜರ್ಮನ್‌ನಲ್ಲಿ ನಡೆಯುತ್ತವೆ ಮತ್ತು ಇವೆಲ್ಲ ನಿಮ್ಮ ಪಾಲಿಗೇ ಬರುತ್ತವೆ. ವೀಸಾದ ಆ ವಿನಾಯಿತಿಯನ್ನು ನಂಬಿ ಒಂದಕ್ಷರವೂ ಕಲಿಯದೆ ಬಂದು, ಓದು, ಕೆಲಸದ ಅನುಭವ ಎಲ್ಲ ಇದ್ದೂ ವರ್ಷಗಟ್ಟಲೆ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗಳನ್ನು ವಿಚಾರಿಸಿ, ಭಾಷೆಯ ಮೊದಲ ಮಟ್ಟವಾದ ಎ1 ಮುಗಿಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ವಲಸೆ ಬಂದವರಿಗಾಗಿ ಇರುವ ಇಂಟಿಗ್ರೇಷನ್ ಕೋರ್ಸ್‌ಗೆ ಅನುಮತಿ ಬೇಕೆಂದು ವಿದೇಶಿಯರ ಕಚೇರಿಯಲ್ಲಿ ಕೇಳಿ. ಸಾಮಾನ್ಯ ಕೋರ್ಸ್‌ನಲ್ಲಿ ಭಾಷೆಗೆ 600 ಪಾಠಗಳು, ದೇಶದ ಕಾನೂನು, ಚರಿತ್ರೆಗಳಿಗೆ 100 ಪಾಠಗಳು. ಗುರಿ ಬಿ1, ಅಂದರೆ ಎ1, ಎ2 ದಾಟಿದ ಮೂರನೆಯ ಮಟ್ಟ. ಮುಂದೆ ಪೌರತ್ವಕ್ಕೂ ಬಿ1 ಬೇಕು. ಪತಿಗೂ ಹೇಳಿ: ಬ್ಲೂ ಕಾರ್ಡ್‌ನವರು ಎ1 ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು.

ಮ್ಯೂನಿಕ್‌ನಿಂದ: ನಾನು ಮಂಗಳೂರಿನವಳು, ಇಲ್ಲಿ ನರ್ಸ್. ನಮ್ಮ ವೃತ್ತಿಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ನಾವು ತಡವರಿಸುವುದನ್ನು ಕಂಡು ಜನ ಸೌಜನ್ಯದಿಂದ ಇಂಗ್ಲಿಷ್‌ಗೆ ಹೊರಳುತ್ತಾರೆ. ಆಗ 'ಬಿಟ್ಟೆ ಲಾಂಗ್‌ಜಾಮ್, ಔಫ್ ಡಾಯ್ಚ್', ಅಂದರೆ ದಯವಿಟ್ಟು ನಿಧಾನವಾಗಿ ಜರ್ಮನ್‌ನಲ್ಲೇ ಹೇಳಿ, ಎಂದು ಕೇಳಿಕೊಳ್ಳಿ. ಹಾಗೆ ಕೇಳಿದಾಗ ಬೇಸರಪಟ್ಟುಕೊಂಡವರನ್ನು ನಾನು ಕಂಡಿಲ್ಲ.

ಫೋನ್ ಎಲ್ಲಕ್ಕಿಂತ ಕಷ್ಟ, ಎದುರಿನವರ ಮುಖ ಕಾಣುವುದಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ವಿಮೆ, ತೊಂದರೆ ಏನು, ಎಷ್ಟು ದಿನದಿಂದ ಎಂಬುದನ್ನು ಪೂರ್ಣ ವಾಕ್ಯಗಳಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿ. ಸಂಖ್ಯೆಗಳಲ್ಲಿ ಎಚ್ಚರ ಇರಲಿ, 21 ಅನ್ನು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ, ಹಾಗೆಯೇ ಹೇಳಿಸಿಕೊಳ್ಳಿ.

ಟ್ಯೂಬಿಂಗನ್‌ನಿಂದ: ಸ್ಟುಟ್‌ಗಾರ್ಟ್ ಎಂದಿದ್ದರಿಂದ ಒಂದು ಮಾತು. ಅಲ್ಲಿನವರದು ಶ್ವೇಬಿಷ್ ಉಪಭಾಷೆ. ಮೈಸೂರಿನವರು ಮೊದಲ ಸಲ ಕಲಬುರಗಿಯ ಮಾತು ಕೇಳಿದಂತೆ ಆಗುತ್ತದೆ. ತರಗತಿಯಲ್ಲಿ ಕಲಿತದ್ದೆಲ್ಲ ವ್ಯರ್ಥವಾಯಿತು ಎಂದು ಹೆದರಬೇಡಿ, ನೀವು ಆಡುವುದು ಅವರಿಗೆ ಅರ್ಥವಾಗುತ್ತದೆ. ಕಿವಿ ಪಳಗಲು ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯ 'ನಿಧಾನವಾಗಿ ಓದಿದ ಸುದ್ದಿ'ಗಳನ್ನು ಅಡುಗೆ ಮಾಡುವಾಗ ಹಾಕಿಕೊಳ್ಳಿ. ಬರಹವೂ ಜೊತೆಗೇ ಸಿಗುತ್ತದೆ, ಹಣ ಕೊಡಬೇಕಿಲ್ಲ.

ಮಗಳೊಂದಿಗೆ ಕನ್ನಡವನ್ನೇ ಆಡಿ. ಕಿಂಡರ್‌ಗಾರ್ಟನ್‌ನಲ್ಲಿ ಅವಳು ಜರ್ಮನ್ ಕಲಿಯುತ್ತಾಳೆ, ಅಲ್ಲಿನ ಶಿಕ್ಷಕಿಯರ ಉಚ್ಚಾರ ನಿಮ್ಮದಕ್ಕಿಂತ ಸರಿಯಾಗಿರುತ್ತದೆ. ಮೊದಲ ಕೆಲವು ತಿಂಗಳು ಅವಳು ಅಲ್ಲಿ ಮೌನವಾಗಿರಬಹುದು. ನಮ್ಮ ಮಗನೂ ಹಾಗೇ ಇದ್ದ, ಆಮೇಲೆ ಒಮ್ಮೆಲೇ ಮಾತು ಶುರುಮಾಡಿದ. 'ನೀರು ಬೇಕು', 'ಶೌಚಾಲಯಕ್ಕೆ ಹೋಗಬೇಕು', 'ನೋವಾಗುತ್ತಿದೆ' ಎಂಬಿಷ್ಟನ್ನು ಮಾತ್ರ ಹೊರಡುವ ಮೊದಲೇ ಜರ್ಮನ್‌ನಲ್ಲಿ ಕಲಿಸಿಬಿಡಿ.