ಪದಚರ್ಚೆ: ‘ಡಿಕ್ಯಾಂಟ್’ ಎಂದರೆ ಸೋಸುವುದೋ, ಬಸಿಯುವುದೋ, ಬಗ್ಗಿಸುವುದೋ?

ಪ್ರಶ್ನೆ (ಉಡುಪಿ):

ನಮಸ್ಕಾರ. ಹತ್ತು ಮಂದಿ ಸೇರಿ ವಿಂಟೇಜ್ ಪೋರ್ಟ್ ಎಂಬ ವೈನಿನ ರುಚಿ ನೋಡುವ ಸಂಜೆಗೆ ಒಂದು ಪುಟದ ಸೂಚನೆ ಕನ್ನಡದಲ್ಲಿ ಆಗಬೇಕು. ಕರಡಿನಲ್ಲಿ ‘ವಿಂಟೇಜ್’ ಇದ್ದಲ್ಲಿ ‘ಹಳೆಯ’ ಎಂದಿದೆ. ‘ಡಿಕ್ಯಾಂಟ್’ (ಬಾಟಲಿಯ ತಳದ್ದನ್ನು ಬಿಟ್ಟು ಮೇಲಿನ ವೈನನ್ನಷ್ಟೇ ಹೂಜಿಗೆ ತೆಗೆಯುವುದು) ಒಂದು ಕಡೆ ‘ಸೋಸು’, ಇನ್ನೊಂದು ಕಡೆ ‘ಬಸಿ’, ಮತ್ತೊಂದು ಕಡೆ ‘ಭಟ್ಟಿ ಇಳಿಸು’ ಆಗಿದೆ. ಕೊನೆಯದಂತೂ ತಪ್ಪು. ಉಳಿದೆರಡರಲ್ಲಿ ಯಾವುದು? ತಳದಲ್ಲಿ ನಿಲ್ಲುವುದಕ್ಕೆ ಏನೆನ್ನೋಣ? ‘ಗಸಿ’ ಎಂದು ಬರೆದರೆ ಇಲ್ಲಿನವರು ಕೋಳಿ ಪದಾರ್ಥದ ಕೋರಿ ಗಸಿ ಎಂದುಕೊಂಡಾರು.

ಉತ್ತರ (ಮಂಗಳೂರು):

ಮೊದಲು ‘ಹಳೆಯ’ ಹೊಡೆದುಹಾಕಿ. ಯಾರಾದರೂ ಪೋರ್ಟನ್ನೂ ಕನ್ನಡಿಸಿ ‘ಹಳೆ ಬಂದರು’ ಮಾಡಿಟ್ಟರೆ ಓದುಗ ಸೀದಾ ದೋಣಿ ನಿಲ್ಲುವ ಧಕ್ಕೆಗೆ ಹೋಗಿ ನಿಲ್ಲುತ್ತಾನೆ. ವಿಂಟೇಜ್ ಎಂದರೆ ಒಂದೇ ವರ್ಷದ ದ್ರಾಕ್ಷಿ ಕೊಯ್ಲಿನದು. 1977ರದ್ದೂ ವಿಂಟೇಜೇ, 2017ರದ್ದೂ ವಿಂಟೇಜೇ. ಹಾಗೇ ಬಿಡಿ. ಗೋವಾದ ಸಿಹಿ ‘ಪೋರ್ಟ್ ವೈನ್’ಗೂ ಇದಕ್ಕೂ ಹೆಸರಿನ ನಂಟಷ್ಟೆ. ಇದು ಪೋರ್ಚುಗಲ್ಲಿನ ಡೌರೊ ಕಣಿವೆಯದು. ಎರಡು ವರ್ಷದ ಆಸುಪಾಸು ಮರದ ಪೀಪಾಯಿಯಲ್ಲಿದ್ದು, ಸೋಸದೆಯೇ ಬಾಟಲಿಗೆ ಇಳಿಯುತ್ತದೆ. ಬಣ್ಣವೂ ಒಗರೂ ಕೂಡಿಕೊಂಡು ತಳ ಕಟ್ಟುವುದು ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ, ಬಾಟಲಿಯೊಳಗೇ.

ಈಗ ಕ್ರಿಯಾಪದ. ಕುಚ್ಚಲಕ್ಕಿ ಅನ್ನ ಬಸಿದರೆ ತೆಳಿ ಹೊರಗೆ ಹೋಗಿ ಬೇಕಾದ ಅನ್ನ ಪಾತ್ರೆಯಲ್ಲಿ ಉಳಿಯುತ್ತದೆ. ಇಲ್ಲಿ ಅದು ತಿರುಗುಮುರುಗು: ಬೇಕಾದದ್ದೇ ಹೊರಗೆ ಬರಬೇಕು. ‘ಸೋಸು’ವುದಕ್ಕೆ (ನಮ್ಮ ಕಡೆಯ ‘ಗಾಳಿಸು’ವುದಕ್ಕೂ) ನಡುವೆ ಬಟ್ಟೆಯೋ ಜಾಲರಿಯೋ ಬೇಕು, ಅದರಲ್ಲಿ ಉಳಿಯುವುದು ಚರಟ. ತಳ ಕದಡದೆ ಮೇಲಿನದನ್ನಷ್ಟೇ ತೆಗೆಯುವುದಕ್ಕೆ ಸುಣ್ಣದ ನೀರಿನ ಮಾತೇ ಸಾಕು: ತಿಳಿ ಬಗ್ಗಿಸು. ತಳದ್ದಕ್ಕೆ ‘ಮಡ್ಡಿ’ ಎನ್ನಿ, ತೆಂಗಿನೆಣ್ಣೆ ಡಬ್ಬಿಯಡಿಯ ಮಡ್ಡಿಯ ಹಾಗೆ. ‘ಗಸಿ’ ನಿಘಂಟಿನಲ್ಲಿ ಸರಿ, ಉಡುಪಿಯ ತಟ್ಟೆಯಲ್ಲಿ ಬೇರೆ.

ಸೂಚನೆಯಲ್ಲಿ ಪದಗಳು ಹೀಗೆ ಕೂರುತ್ತವೆ. ಮಲಗಿಸಿಟ್ಟ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಮಡ್ಡಿ ಕೆಳಗಿಳಿಯಲಿ. ಹಳೆ ಕಾರ್ಕಿಗೆ ಸ್ಕ್ರೂ ಚುಚ್ಚಿದರೆ ಪುಡಿಯಾಗುತ್ತದೆ. ಎರಡು ಅಲಗಿನ ಓಪನರನ್ನು ಕಾರ್ಕಿನ ಎರಡು ಪಕ್ಕಕ್ಕೆ ಇಳಿಸಿ, ತಿರುಗಿಸುತ್ತ ಎಳೆಯಿರಿ. ಗಾಜಿನ ಹೂಜಿಯನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ, ಸೋಪಿನ ವಾಸನೆ ಉಳಿದರೆ ವೈನಿಗೆ ಅದೇ ವಾಸನೆ. ಬಾಟಲಿಯ ಕತ್ತಿನಡಿ ಮೇಣದಬತ್ತಿಯೋ ಮೊಬೈಲ್ ಟಾರ್ಚೋ ಇಟ್ಟು ಒಂದೇ ಎಳೆಯಲ್ಲಿ ನಿಧಾನವಾಗಿ ಬಗ್ಗಿಸಿ. ನಡುವೆ ಬಾಟಲಿ ನೆಟ್ಟಗೆ ಮಾಡಲೇಬಾರದು: ವೈನು ಹಿಂದಕ್ಕೆ ನುಗ್ಗಿ ಮಡ್ಡಿ ಏಳುತ್ತದೆ, ಎರಡು ದಿನ ಕಾದದ್ದು ದಂಡ. ಹೆಗಲು ದಾಟಿ ಕತ್ತಿಗೆ ಹೊಗೆಯಂಥ ಗೆರೆ ಬಂದ ಕೂಡಲೇ ನಿಲ್ಲಿಸಿ. 750 ಮಿ.ಲೀ.ಯಲ್ಲಿ 40–50 ಹೋದೀತು. ಮದ್ಯಸಾರ ಶೇ. 20ರಷ್ಟಿರುವ ಸಿಹಿ ವೈನು. ತಲಾ 60 ಮಿ.ಲೀ. ಎಂದರೂ ಹತ್ತು ಮಂದಿಗೆ ಒಂದು ಬಾಟಲಿ ಸಾಕು.

ಇಪ್ಪತ್ತು ಮೂವತ್ತು ವರ್ಷದ್ದನ್ನು ಎರಡು ಮೂರು ಗಂಟೆ ಮೊದಲು, ಇನ್ನೂ ಹಳತನ್ನು ಒಂದು ಗಂಟೆ ಮೊದಲು ಬಗ್ಗಿಸಿದರೆ ಸರಿ. ಕುಡಿಯುವ ಹದ 16–18 ಡಿಗ್ರಿ. ನಮ್ಮ ಕೋಣೆ ಎಂದರೆ 30. ಆ ಹದಕ್ಕೆ ಬರುವ ತನಕ ಹೂಜಿಯನ್ನು ಫ್ರಿಜ್ಜಿನಲ್ಲಿಡಿ.

ಕಾರ್ಕು ಮುರಿದು ಚೂರು ಒಳಗೆ ಬಿತ್ತೋ, ಅಲ್ಲಿ ನಿಮ್ಮ ‘ಸೋಸು’ ಬರಲಿ, ಚಾ ಜಾಲರಿ ಹಿಡಿದು. ಬರೀ ‘ಬಗ್ಗಿಸು’ ಎಂದು ಮಾತ್ರ ಬರೆಯಬೇಡಿ, ಲೋಟಕ್ಕೆ ಬಗ್ಗಿಸುವುದೂ ಅದೇ ಆಗುತ್ತದೆ. ಬಾಟಲಿಯಿಂದ ಹೂಜಿಗೆ ‘ತಿಳಿ ಬಗ್ಗಿಸಿ’, ಹೂಜಿಯಿಂದ ಗ್ಲಾಸಿಗೆ ‘ಹೊಯ್ಯಿರಿ’.