ಹನ್ನೆರಡನೇ ಹೆಸರು

ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ಬಳ್ಳಾರಿ ಸಂಜೆ ಕೋರ್ಟ್'. ಒಂದು ಕಾಲಕ್ಕೆ ಜಿಲ್ಲೆಗೆ ಬಾಸ್ಕೆಟ್‌ಬಾಲ್ ಆಡಿದವರು, ಈಗ ಮರೆಯದೆ ಬಿ.ಪಿ. ಮಾತ್ರೆ ನುಂಗುವವರು. ಇಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಕೋರ್ಟಿನಲ್ಲಿ ಬಿದ್ದ ಹೆಸರೇ ಗಟ್ಟಿ. ಅಡ್ಮಿನ್ ನಾನು. ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವವನು.

ಶನಿವಾರ ರಾತ್ರಿ ಊಟದ ಹೊತ್ತಿಗೆ ಫಾರ್ವರ್ಡ್ ಒಂದು ಮೆಸೇಜ್ ತಂದು ಹಾಕಿದ. ಅವನು ಕೋರ್ಟಿನಲ್ಲೂ ಫಾರ್ವರ್ಡ್, ವಾಟ್ಸಾಪಿನಲ್ಲೂ ಅದೇ.

'ಕಣ್ಣೀರು ತರಿಸುವ ಸತ್ಯ ಘಟನೆ! ಅಮೆರಿಕದ ಹೆಸರಾಂತ ಬಾಸ್ಕೆಟ್‌ಬಾಲ್ ಆಟಗಾರ ಡೇಮಿಯನ್ ಲಿಲ್ಲರ್ಡ್. ತಂಡಕ್ಕಾಗಿ ಆಡುವಾಗಲೇ ಹಿಮ್ಮಡಿಯ ನರ ಹರಿಯಿತು. ಇನ್ನೂ ಕುಂಟುತ್ತಿರುವಾಗಲೇ ಒಂದು ಪೈಸೆ ಕೊಡದೆ ಬೀದಿಗೆ ಹಾಕಿದರು. ದುಡಿಯುವ ತನಕ ಮಾತ್ರ ನಿಮಗೆ ಬೆಲೆ. ಕನಿಷ್ಠ ಹತ್ತು ಜನರಿಗೆ ಕಳುಹಿಸಿ.' ಕೆಳಗೆ ಒಂದು ಫೋಟೋ, ನಾಲ್ಕು ಅಳುವ ಮುಖ, ಎರಡು ಮುಗಿದ ಕೈ.

ಬಾಣ ಎಲ್ಲಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಸೆಂಟರ್ ಲಂಬು, ಐವತ್ತು ದಾಟಿದವನು, ಕಳೆದ ತಿಂಗಳು ಪ್ರಾಕ್ಟೀಸಿನಲ್ಲಿ ರಿಬೌಂಡ್‌ಗೆ ಅಂತ ಮುಂಗಾಲ ಮೇಲೆ ಎದ್ದ. 'ಟಪ್' ಅಂತ ಸದ್ದಾಯಿತು. 'ಯಾವನಲೇ ಒದ್ದಿದ್ದು?' ಅಂತ ಹಿಂದೆ ತಿರುಗಿದ. ಹಿಂದೆ ಕಂಬ ಬಿಟ್ಟರೆ ಯಾರೂ ಇರಲಿಲ್ಲ. ಕೂರಿಸಿ ಸಾಕ್ಸ್ ಇಳಿಸಿ ನೋಡಿದರೆ ಹಿಮ್ಮಡಿ ಮೇಲೆ ಬೆರಳು ಹಿಡಿಸುವಷ್ಟು ತಗ್ಗು. ಆಪರೇಷನ್ ಆಯಿತು, ಈಗ ಮಂಡಿವರೆಗೆ ಬೂಟು. ಇತ್ತ ಧಾರವಾಡದಲ್ಲಿ ನಲವತ್ತು ದಾಟಿದವರ ಪಂದ್ಯ, ಸೋಮವಾರದೊಳಗೆ ಹನ್ನೆರಡು ಹೆಸರು ಕೊಡಬೇಕು. ಕ್ಯಾಪ್ಟನ್ ಯಾರಿಗೂ ಹೇಳದೆ ಹೊಸಪೇಟೆಯಿಂದ ಒಬ್ಬ ಎತ್ತರದವನನ್ನು ಪ್ರಾಕ್ಟೀಸಿಗೆ ಕರೆತಂದಿದ್ದ. ಫಾರ್ವರ್ಡ್‌ಗೆ ಇಷ್ಟೇ ಸಾಕಾಗಿತ್ತು.

ಮೊದಲ ಉತ್ತರ ಆಡಿಟ್‌ನದು. ರಾಯಚೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಮಗಳ ಮದುವೆ ಕರೆಯೋಲೆಗೂ ವೋಚರ್ ಕೇಳುವ ಪೈಕಿ.

ಆಡಿಟ್: ಸೋರ್ಸ್?

ಫಾರ್ವರ್ಡ್: ಕಣ್ಣೀರಿಗೂ ಸೋರ್ಸ್ ಬೇಕಾ ನಿನಗೆ?

ಆಡಿಟ್: ಏಪ್ರಿಲ್ 27, 2025. ಮಿಲ್ವಾಕೀ ಬಕ್ಸ್ ತಂಡ, ಇಂಡಿಯಾನಾ ಮೇಲೆ ಪ್ಲೇಆಫ್. ಅಕಿಲಿಸ್, ಅಂದರೆ ಅದೇ ಹಿಮ್ಮಡಿ ನರ, ಹರಿಯಿತು, ವಯಸ್ಸು 34. ಇಷ್ಟು ನಿಜ. ಜುಲೈನಲ್ಲಿ ಬಿಟ್ಟರು, ಅದೂ ನಿಜ. ಆದರೆ ಎರಡು ವರ್ಷದ ಕರಾರು ಬಾಕಿ ಇತ್ತು, ಸುಮಾರು 11.3 ಕೋಟಿ ಡಾಲರ್. ಅಷ್ಟನ್ನೂ ಕೊಡಲೇಬೇಕು. ನಮ್ಮ ಲೆಕ್ಕದಲ್ಲಿ 900 ಕೋಟಿ ರೂಪಾಯಿಗೂ ಜಾಸ್ತಿ. ಇದು ಯಾವ ಬೀದಿ? ಅಡ್ರೆಸ್ ಕೊಡು, ನಾನೂ ಬರ್ತೀನಿ.

ಇದನ್ನು ಯಾರೂ ಪೂರ್ತಿ ಓದಲಿಲ್ಲ. '900 ಕೋಟಿ' ಅನ್ನುವುದಷ್ಟೇ ಕಣ್ಣಿಗೆ ಬಿತ್ತು. ಐದು ನಿಮಿಷ ಆ ದುಡ್ಡಲ್ಲಿ ಬಳ್ಳಾರಿಯಲ್ಲಿ ಏನೇನು ಕೊಳ್ಳಬಹುದು ಅಂತ ಚರ್ಚೆ ನಡೆಯಿತು. ಕೋಟೆ ಗುಡ್ಡಕ್ಕೂ ರೇಟು ಕಟ್ಟಿದರು.

ಅಷ್ಟರಲ್ಲಿ ಪಿ.ಟಿ. ಸರ್ ಬಂದರು. ಎಂಬತ್ತರ ಹತ್ತಿರ ಇದ್ದಾರೆ. ಈಗಲೂ ಅವರ 'ಟೈಪಿಂಗ್' ಕಂಡರೆ ನಾವು ನೆಟ್ಟಗೆ ಕೂರುತ್ತೇವೆ.

ಪಿ.ಟಿ. ಸರ್: ದುಡ್ಡು ಕೊಟ್ಟರೆ ಮುಗೀತೇನಪ್ಪಾ? ಅನುಭವಕ್ಕೆ ಬೆಲೆ ಇಲ್ಲವಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಯಾರನ್ನ ಕರೆಸಿದರು? ರಿಟೈರ್ ಆಗಿದ್ದ ಕನ್ನಯ್ಯ ನಾಯ್ಡು ಅವರನ್ನ! ಹಳಬರು ಯಾವಾಗ ಬೇಕಾಗ್ತಾರೆ ಅಂತ ಹೇಳೋಕೆ ಬರಲ್ಲ.

ಹತ್ತು ಜನ ಕೈ ಮುಗಿದರು. ಸರ್ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಆಡಿಟ್ ಮಾತ್ರ ಬಿಡಲಿಲ್ಲ: 'ಸರ್, ಕ್ಷಮಿಸಿ. ನಾಯ್ಡು ಅವರು ಗೇಟು ಕೂರಿಸೋಕೆ ಬಂದಿದ್ದು. ಗೇಟಿನ ಜಾಗದಲ್ಲಿ ಅವರೇ ನಿಲ್ಲಲಿಲ್ಲ.'

ಈ ಮಾತಿಗೆ ನಾನು ಮನೆಯಲ್ಲಿ ಜೋರಾಗಿ ನಕ್ಕೆ. ಗುಂಪಿನಲ್ಲಿ ಏನೂ ಹಾಕಲಿಲ್ಲ. ಅಡ್ಮಿನ್ ನಗಬಾರದು.

ನಿಜವಾಗಿ ಇಡೀ ರಾತ್ರಿ ಮಾತಾಡಬೇಕಾಗಿದ್ದು ಈ ಜಾಗದ ಮಾತೊಂದನ್ನೇ. ಲಿಲ್ಲರ್ಡ್ ಆಡುವ ಅಮೆರಿಕದ ಲೀಗು ಎನ್‌ಬಿಎ. ಅಲ್ಲಿ ಒಂದು ತಂಡದಲ್ಲಿ ಹದಿನೈದು ಜನರ ಪೂರ್ತಿ ಕರಾರಿಗೆ ಜಾಗ. ಗಾಯವಾದವನು ವರ್ಷವಿಡೀ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತರೂ ಒಂದು ಜಾಗ ಅವನದೇ. ಜೂನ್ 15ರ ತನಕ ಆಡುವುದು ಅನುಮಾನ ಅಂತ ಲೀಗಿನ ಡಾಕ್ಟರು ಬರೆದುಕೊಟ್ಟರೆ ಬದಲಿ ಆಟಗಾರನ ಸಂಬಳಕ್ಕೆ ಒಂದಿಷ್ಟು ವಿನಾಯಿತಿ ಸಿಗುತ್ತೆ. ಅದೂ ಗಾಯಾಳುವಿನ ಸಂಬಳದ ಅರ್ಧ ಮೀರುವಂತಿಲ್ಲ. ಒಬ್ಬನ ಗಾಯಕ್ಕೆ ಅಂತ ಹದಿನಾರನೇ ಕುರ್ಚಿ ಮಾತ್ರ ಯಾರೂ ಕೊಡಲ್ಲ. ನಮಗೆ ಧಾರವಾಡದವರು ಹದಿಮೂರನೇ ಹೆಸರು ಕೊಡದ ಹಾಗೆ. ಹಾಗಾಗಿ ಹಿರಿಯ ಆಟಗಾರ ಬಿದ್ದ ದಿನ ತಂಡದವರ ತಲೆಯಲ್ಲಿ ಅಯ್ಯೋ ಪಾಪವೂ ಇರುತ್ತೆ, ಲೆಕ್ಕವೂ ಇರುತ್ತೆ. ಎರಡೂ ಒಟ್ಟಿಗೇ ಇರುತ್ತವೆ. ಇದರಲ್ಲಿ ಮೋಸ ಏನೂ ಕಾಣಲ್ಲ ನನಗೆ.

ಇದನ್ನೇ ಬರೆಯೋಣ ಅಂತ ಟೈಪ್ ಮಾಡುತ್ತಿದ್ದೆ. ಗಂಗಾವತಿ ಒಳಗೆ ಬಂದ. ಕ್ಯಾಪ್ಟನ್‌ನ ಸೋದರಮಾವನ ಮಗ. ಅಕ್ಕಿ ವ್ಯಾಪಾರ. ಯಾವ ಮಾತು ಎತ್ತಿದರೂ ಹಳೇ ಬಸ್ಸು ಹತ್ತಿಸುತ್ತಾನೆ.

ಗಂಗಾವತಿ: ಲೇ, ಈ ಗಾಯದ ಮಾತು ಕೇಳಿ ನಮ್ಮ ರಾಯಚೂರು ಟ್ರಿಪ್ಪು ನೆನಪಾಯ್ತು. ಸಿರುಗುಪ್ಪ ದಾಟೋ ತನಕ ಸೀಟಿಲ್ಲ. ಬಾಲಿನ ಚೀಲ ನನ್ನ ತೊಡೆ ಮೇಲೆ. ಸಿಂಧನೂರು ಬಸ್‌ಸ್ಟ್ಯಾಂಡಲ್ಲಿ ಒಗ್ಗರಣಿ ಮಿರ್ಚಿ! ಎಣ್ಣೆ ಕೈ ಚಡ್ಡಿಗೆ ಒರೆಸಿಕೊಂಡು ಮಾನ್ವಿ ತನಕ ಹಾಡು. ಒಂದು ನಿಮಿಷನೂ ಆಡಲಿಲ್ಲ ನಾನು, ಆದ್ರೂ ಅಂಥ ದಿನ ಮತ್ತೆ ಬರಲಿಲ್ಲ.

ಪಾಪ, ಅವನಿಗೆ ಗೊತ್ತಾಗಲಿಲ್ಲ. ಆ ಟ್ರಿಪ್ಪಿಗೆ ಹನ್ನೆರಡನೇ ಹೆಸರು ಫಾರ್ವರ್ಡ್‌ನದು ಆಗಬೇಕಿತ್ತು. ಹಿಂದಿನ ವಾರ ಅವನ ಕಣಕಾಲು ಉಳುಕಿತ್ತು. ಕ್ಯಾಪ್ಟನ್ ಅವನನ್ನು ಬಿಟ್ಟು ತನ್ನ ಮಾವನ ಮಗನನ್ನು ಬಸ್ಸು ಹತ್ತಿಸಿದ್ದ.

ಫಾರ್ವರ್ಡ್: ಒಂದು ನಿಮಿಷನೂ ಆಡಲಿಲ್ಲ ಅಂತ ಈಗ ಒಪ್ಕೊಂಡೆ ನೋಡು. ಎಲ್ಲರೂ ಸ್ಕ್ರೀನ್‌ಶಾಟ್ ತಗೊಳ್ಳಿ.

ಫಾರ್ವರ್ಡ್: ನನ್ನ ಕಾಲು ಮೂರೇ ದಿನಕ್ಕೆ ಸರಿ ಹೋಗಿತ್ತು. ಕ್ಯಾಪ್ಟನ್ ಮನೆಗೆ ಬಂದು ನೋಡಲೂ ಇಲ್ಲ.

ಆಡಿಟ್: ಮೂರು ದಿನ ಅಂತ ಡಾಕ್ಟರ್ ಚೀಟಿ ಇದೆಯಾ?

ಇದಾದ ಮೇಲೆ ಸ್ವಲ್ಪ ಹೊತ್ತು ನಾನು ಇಲ್ಲಿ ಬರೆಯಲಾಗದ ಮಾತುಗಳು ಬಂದವು. ಮೂರನ್ನು ಡಿಲೀಟ್ ಮಾಡಿದೆ. ಪಿ.ಟಿ. ಸರ್ ಇರುವ ಗುಂಪು.

ಡಲ್ಲಾಸ್ ಅಂದರೆ ಅಮೆರಿಕದ ಆ ಊರಲ್ಲಿರುವ ನಮ್ಮವನು. ಅಲ್ಲಿ ಆಗ ಬೆಳಗ್ಗೆ. ಅವನು ಕಾಫಿ ಕುಡಿಯುತ್ತಾ ಫಾರ್ವರ್ಡ್ ಪರ ವಹಿಸಿದ. ಅವನ ಊರಿನ ತಂಡ ಡಲ್ಲಾಸ್ ಮ್ಯಾವರಿಕ್ಸ್. ಅಲ್ಲಿ ಕೈರಿ ಅರ್ವಿಂಗ್‌ನ ಮಂಡಿಯ ಲಿಗಮೆಂಟು 2025ರ ಮಾರ್ಚ್‌ನಲ್ಲಿ ಹರಿಯಿತು. ಆದರೂ ಆ ಬೇಸಿಗೆಯಲ್ಲೇ ಮೂರು ವರ್ಷಕ್ಕೆ ಸುಮಾರು 11.9 ಕೋಟಿ ಡಾಲರಿನ ಹೊಸ ಕರಾರು ಕೊಟ್ಟರು. 'ಇದು ಮರ್ಯಾದೆ' ಅಂತ ಬರೆದ. ಅದೇ ಬೇಸಿಗೆಯಲ್ಲಿ ಡಿ'ಆಂಜೆಲೊ ರಸೆಲ್‌ನನ್ನೂ ತಂದರಲ್ಲ, ಆ ಮಾತು ಮಾತ್ರ ಎತ್ತಲಿಲ್ಲ. ಮರ್ಯಾದೆ ಕೊಟ್ಟ ಮೇಲೂ ಚೆಂಡು ಹಿಡಿದು ಓಡೋಕೆ ಒಬ್ಬ ಬೇಕಲ್ಲ.

ಆಡಿಟ್ ತಕ್ಷಣ ಕೋಬಿ ಬ್ರಯಂಟ್‌ನನ್ನು ಎಳೆದು ತಂದ. 2013ರ ಏಪ್ರಿಲ್, ಅವನದೂ ಅಕಿಲಿಸ್, ಅವನಿಗೂ 34. ಹರಿದ ಕಾಲಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿ ಹೊರಗೆ ನಡೆದ. ಮತ್ತೆ ಅಂಗಳಕ್ಕೆ ಇಳಿಯುವ ಮೊದಲೇ, ನವೆಂಬರ್‌ನಲ್ಲಿ, ಅವನ ತಂಡ ಲೇಕರ್ಸ್ ಎರಡು ವರ್ಷಕ್ಕೆ 4.85 ಕೋಟಿ ಡಾಲರ್ ಬರೆದುಕೊಟ್ಟಿತು. ಬಂದು ಆರು ಪಂದ್ಯ ಆಡಿದ, ಮಂಡಿ ಮುರಿಯಿತು. ಆ ಸೀಸನ್‌ನಲ್ಲಿ ತಂಡ 82ರಲ್ಲಿ ಗೆದ್ದಿದ್ದು 27. ಮುಂದಿನ ಸಲ 21. ಅದರ ಮುಂದೆ 17.

ಡಲ್ಲಾಸ್: ಸೋಲಿಗೆ ಅವನೊಬ್ಬನೇ ಕಾರಣ ಅಲ್ಲಲೇ. ಇರು ಇರು. ಫೋಟೋ ಸರಿಯಾಗಿ ನೋಡಿದ್ರಾ ಯಾರಾದ್ರೂ? 24ನೇ ನಂಬರ್ ಜರ್ಸಿ. ಫಾರ್ವರ್ಡ್ ಹಾಕಿರೋದು ಕೋಬಿ ಫೋಟೋನೇ!

ಎರಡು ಗಂಟೆಯಿಂದ ಆ ಫೋಟೋ ಎಲ್ಲರ ಕಣ್ಣ ಮುಂದೆ ಇತ್ತು. ನಲವತ್ತು ಮೆಸೇಜು ದಾಟಿದ್ದವು.

ಫಾರ್ವರ್ಡ್: ಫೋಟೋ ಯಾರದ್ದಾದ್ರೇನು, ನೋವು ಒಂದೇ ಅಲ್ವಾ?

ಪಿ.ಟಿ. ಸರ್: ಹೌದು. ನೋವು ಒಂದೇ.

ಆಡಿಟ್ ಹತಾಶನಾಗಿ ಉಳಿದಿದ್ದನ್ನೂ ಬರೆದ. ಬಕ್ಸ್‌ನವರು ಲಿಲ್ಲರ್ಡ್‌ನ ಬಾಕಿಯನ್ನು 'ಸ್ಟ್ರೆಚ್' ಮಾಡಿದರು, ಅಂದರೆ ಹೆಚ್ಚು ವರ್ಷಕ್ಕೆ ಹಂಚಿದರು. ಉಳಿದ ವರ್ಷಗಳನ್ನು ದುಪ್ಪಟ್ಟು ಮಾಡಿ ಒಂದು ಕೂಡಿಸಬೇಕು. ಎರಡು ವರ್ಷ ಹೋಗಿ ಐದಾಯಿತು. ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ 2029-30ರ ತನಕ ತಂಡದ ಲೆಕ್ಕದಲ್ಲಿ ಕೂತಿರುತ್ತೆ, ಆಡುವವನು ಇಲ್ಲದೆ. ಹಾಗೆ ಮಾಡಿದ ಜಾಗಕ್ಕೆ ಮೈಲ್ಸ್ ಟರ್ನರ್‌ನನ್ನು ತಂದರು, ಅದೂ ತಮ್ಮನ್ನು ಸೋಲಿಸಿದ ಇಂಡಿಯಾನಾದಿಂದ. ಲಿಲ್ಲರ್ಡ್ ಅದೇ ಜುಲೈನಲ್ಲಿ ತನ್ನ ಹಳೇ ತಂಡ ಪೋರ್ಟ್‌ಲೆಂಡ್‌ಗೆ ವಾಪಸ್, ಮೂರು ವರ್ಷಕ್ಕೆ 4.2 ಕೋಟಿ ಡಾಲರ್. ಮನೆಗೆ ಮನೆ, ಎರಡು ಕಡೆ ಸಂಬಳ. 'ಅಳಬೇಕಾದವರು ಮಿಲ್ವಾಕೀ ಕ್ಯಾಷಿಯರು' ಅಂತ ಮುಗಿಸಿದ.

ನನಗನ್ನಿಸಿದ್ದು, ಅದರಲ್ಲಿ ಒಂದು ಮಾತು ಬಿಟ್ಟುಹೋಯಿತು. ಬಿಡುವುದಕ್ಕೂ ಒಂದು ರೀತಿ ಇದೆ. ಕ್ಯಾಪ್ಟನ್ ಹೊಸಪೇಟೆಯವನನ್ನು ಕರೆತರುವ ಮೊದಲು ಗುಂಪಿನಲ್ಲಿ ಒಂದು ಸಾಲು ಹಾಕಿದ್ದರೆ ಫಾರ್ವರ್ಡ್‌ಗೆ ಈ ಮೆಸೇಜು ಬೇಕೇ ಇರಲಿಲ್ಲ. ಇನ್ಯಾವುದಾದರೂ ಹುಡುಕುತ್ತಿದ್ದ, ಅದು ಬೇರೆ.

ಹನ್ನೊಂದರ ಸುಮಾರಿಗೆ ಲಂಬು ಬಂದ. ಇಷ್ಟು ಹೊತ್ತೂ ಎಲ್ಲ ಓದಿದ್ದ. ನೀಲಿ ಗೆರೆ ನಾನು ನೋಡಿದ್ದೆ.

ಲಂಬು: ನನ್ನ ಹೆಸರು ತೆಗಿ ಅಂತ ಆಪರೇಷನ್ ಆದ ಮರುದಿನವೇ ಕ್ಯಾಪ್ಟನ್‌ಗೆ ನಾನೇ ಹೇಳಿದ್ದೆ. ಹೊಸಪೇಟೆ ಹುಡುಗನ ನಂಬರ್ ಕೊಟ್ಟಿದ್ದೂ ನಾನೇ.

ಗುಂಪು ತಣ್ಣಗಾಯಿತು. ಫಾರ್ವರ್ಡ್ ಏನೋ ಟೈಪ್ ಮಾಡಿದ, ನಿಲ್ಲಿಸಿದ, ಮತ್ತೆ ಮಾಡಿದ. ಕೊನೆಗೆ ಬಂದಿದ್ದು ಒಂದೇ ಮುಗಿದ ಕೈ.

ಲಂಬು: ಅದಿರ್ಲಿ. ಜರ್ಸಿಗೆ ಅಂತ 650 ರೂಪಾಯಿ ಕೊಟ್ಟಿದ್ದೆ. ಅದರ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ?

ಆಗ ಆ ರಾತ್ರಿಯ ಮೊದಲ ಸಲ ಕ್ಯಾಪ್ಟನ್ ಬಾಯಿ ಬಿಟ್ಟ.

ಕ್ಯಾಪ್ಟನ್: ಸ್ಟ್ರೆಚ್ ಮಾಡಿ ಕೊಡ್ತೀವಿ. ವರ್ಷಕ್ಕೆ 130.

ಲಂಬು: ಫೋನ್‌ಪೇ ಮಾಡಲೇ, ಈಗಲೇ.

ಆಡಿಟ್: 650ಕ್ಕೆ ರಸೀದಿ ಇದೆಯಾ?