ಗಂಡುನೋಟ, ಪುರುಷ ದೃಷ್ಟಿಕೋನ, ಕಾಮದೃಷ್ಟಿ: ಯಾವುದನ್ನು ಬಳಸುವುದು?

ಪ್ರಶ್ನೆ

ನಮಸ್ಕಾರ. ಚಿತ್ರಕಲೆ ಮತ್ತು ಸಿನಿಮಾ ವಿಮರ್ಶೆಯಲ್ಲಿ ಬರುವ ‘ಮೇಲ್ ಗೇಜ್’ (male gaze, ಅಂದರೆ ಹೆಣ್ಣನ್ನು ಗಂಡಿನ ಕಣ್ಣಿಗೆ ತಕ್ಕಂತೆ ತೋರಿಸುವ ರೀತಿ) ಎಂಬುದಕ್ಕೆ ಪುರುಷ ದೃಷ್ಟಿ, ಪುರುಷ ದೃಷ್ಟಿಕೋನ, ಕಾಮದೃಷ್ಟಿ, ಗಂಡುನೋಟ ಎಂದೆಲ್ಲ ಬರೆಯುತ್ತಾರೆ. ಪದವಿ ತರಗತಿಯ ಪಠ್ಯಕ್ಕೆ ಒಂದನ್ನೇ ಆರಿಸಬೇಕಿದೆ. ವಾಕ್ಯ ಹೀಗಿದೆ: “ಈ ಹಾಡಿನಲ್ಲಿ ನಾಯಕಿಯನ್ನು ...ದಿಂದ ಚಿತ್ರಿಸಲಾಗಿದೆ.” ಹಾಗೆಯೇ ‘ಪೇಟ್ರಿಯಾರ್ಕಿ’ಗೆ ಪಿತೃಪ್ರಧಾನ ವ್ಯವಸ್ಥೆ ಎನ್ನಬೇಕೋ, ಪುರುಷಪ್ರಧಾನ ವ್ಯವಸ್ಥೆ ಎನ್ನಬೇಕೋ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಗಂಡುನೋಟ ಎಂದೇ ಇಟ್ಟುಕೊಳ್ಳಿ, ಕೂಡಿಸಿ ಬರೆಯಿರಿ. ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ‘ಮೇಲ್’ ಎಂಬುದು ಮೇಲ್ನೋಟದ ಮೇಲ್ ಆಗಿ, ‘ಗೇಜ್’ ಎಂಬುದು ರೈಲು ಹಳಿಯ ಗೇಜ್ ಆಗಿ ಓದಿಸಿಕೊಳ್ಳುತ್ತದೆ. ಉಳಿದ ಕನ್ನಡ ಪದಗಳು ಅರ್ಥವನ್ನೇ ಬೇರೆ ಕಡೆಗೆ ಎಳೆಯುತ್ತವೆ.

ಈ ಪರಿಭಾಷೆ ನೆಲೆಯೂರಿದ್ದು ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ. ಸಿನಿಮಾದಲ್ಲಿ ಮೂರು ನೋಟಗಳಿವೆ ಎಂದು ಆಕೆ ಗುರುತಿಸಿದರು: ಕ್ಯಾಮೆರಾದ್ದು, ಪ್ರೇಕ್ಷಕರದ್ದು, ಕತೆಯೊಳಗೆ ಪಾತ್ರಗಳು ಒಬ್ಬರನ್ನೊಬ್ಬರು ನೋಡುವುದು. ಮಾಮೂಲಿ ಕಥಾಚಿತ್ರ ಮೊದಲೆರಡನ್ನು ಮರೆಸಿ ಮೂರನೆಯದರಲ್ಲಿ, ಅದರಲ್ಲೂ ನಾಯಕನ ಕಣ್ಣಲ್ಲಿ, ಬೆರೆಸಿಬಿಡುತ್ತದೆ. ಟಿಕೆಟ್ ಕೊಂಡು ಕೂತ ಹೆಂಗಸೂ ಆ ಹೊತ್ತಿಗೆ ಅವನ ಕಣ್ಣಿನಿಂದಲೇ ನೋಡುತ್ತಾಳೆ. ಹಾಗಾಗಿ ಗಂಡುನೋಟ ಎಂದರೆ ಚೌಕಟ್ಟಿನೊಳಗೆ ಕಟ್ಟಿಟ್ಟ ಒಂದು ಜಾಗ. ಅಲ್ಲಿ ಯಾರು ಬೇಕಾದರೂ ಕೂರಬಹುದು. ಮಹಿಳೆಯೇ ನಿರ್ದೇಶಿಸಿ, ಮಹಿಳೆಯರಿಗೆಂದೇ ಮಾಡಿದ ಸೀರೆ ಜಾಹೀರಾತಿನಲ್ಲೂ ಅದು ಇರಬಹುದು. ‘ಗಂಡಸರ ನೋಟ’ ಎಂದು ಬಿಡಿಸಿ ಬರೆಯಬಾರದೆಂಬುದು ಇದಕ್ಕೇ.

ಕಾಮದೃಷ್ಟಿ ಏಕೆ ಹೊಂದುವುದಿಲ್ಲ ಎಂಬುದಕ್ಕೆ ಒಂದೇ ಕತೆಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸ್ನಾನ ಮಾಡುವ ಸುಸಾನಳನ್ನು ಇಬ್ಬರು ಮುದುಕರು ಕದ್ದು ನೋಡುವ ಬೈಬಲ್ಲಿನ ಕತೆ ಯುರೋಪಿನ ಕಲಾವಿದರಿಗೆ ಬಹಳ ಪ್ರಿಯವಾಗಿತ್ತು. ವಿಯೆನ್ನಾದಲ್ಲಿರುವ, ಇಟಲಿಯ ಕಲಾವಿದ ಟಿಂಟೊರೆಟ್ಟೊನ ಚಿತ್ರದಲ್ಲಿ ಆಕೆ ನೀರಂಚಿನಲ್ಲಿ ಕೂತು ಕನ್ನಡಿಯಲ್ಲಿ ಮೈಮರೆತಿದ್ದಾಳೆ. ಮುದುಕರು ಬೇಲಿಯ ಎರಡು ತುದಿಗಳಲ್ಲಿ ಇಣುಕುತ್ತಿದ್ದಾರೆ. ಬೆಳಕೆಲ್ಲ ಅವಳ ಮೈಮೇಲೆ, ಆ ಮೈ ತೆರೆದಿರುವುದು ನಮ್ಮ ಕಡೆಗೆ. ಮುದುಕರಿಗಿಂತ ಒಳ್ಳೆಯ ಜಾಗ ನಮಗೇ ಸಿಕ್ಕಿದೆ. ಇಟಲಿಯವಳೇ ಆದ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿ 1610ರಲ್ಲಿ ಬರೆದ ಚಿತ್ರದಲ್ಲಿ ತೋಟವೂ ಇಲ್ಲ, ಕನ್ನಡಿಯೂ ಇಲ್ಲ. ಗಟ್ಟಿ ಕಲ್ಲಿನ ಜಗಲಿ, ಅದರ ಮೇಲಿನಿಂದ ಬಾಗಿ ಪಿಸುಗುಡುವ ಇಬ್ಬರು, ಮುಖ ಕಿವುಚಿ ಎರಡೂ ಕೈಯಿಂದ ತಡೆಯುತ್ತಿರುವ ಸುಸಾನ. ಅವಳೂ ಬೆತ್ತಲೆಯೇ, ಆದರೆ ಹಿಂಡಿದಂತೆ ತಿರುಚಿಕೊಂಡ ಆ ಮೈ ನೋಡುವವರಿಗೆ ಸುಖ ಕೊಡುವುದಿಲ್ಲ. ಕಾಮದೃಷ್ಟಿ ಎರಡು ಚಿತ್ರದಲ್ಲೂ ಇದೆ, ಮುದುಕರ ಮುಖದ ಮೇಲೆ. ಗಂಡುನೋಟ ಇರುವುದು ಮೊದಲನೆಯದರಲ್ಲಿ ಮಾತ್ರ, ಚಿತ್ರವನ್ನು ಕಟ್ಟಿದ ರೀತಿಯಲ್ಲಿ. ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಒಮ್ಮೆ ಕಂಡರೆ ಸಾಕು, ‘ನಾಯಕ ಸಭ್ಯಸ್ಥ, ಹಾಗಾಗಿ ಇಲ್ಲಿ ಗಂಡುನೋಟ ಇಲ್ಲ’ ಎಂಬ ಉತ್ತರ ಬರೆಯುವುದಿಲ್ಲ.

ಕನ್ನಡಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬೇಲೂರಿನ ದರ್ಪಣಸುಂದರಿಗೆ ಈ ಪದವನ್ನು ಹಾಗೆಯೇ ಅಂಟಿಸಬೇಡಿ. ಯುರೋಪಿನ ನಗ್ನಚಿತ್ರ ಅದನ್ನು ಕೊಂಡ ಒಡೆಯನೊಬ್ಬನ ಕಣ್ಣಿಗಾಗಿ ಸಜ್ಜಾದದ್ದು ಎಂಬ ವಾದವನ್ನು ಬ್ರಿಟಿಷ್ ಕಲಾವಿಮರ್ಶಕ ಜಾನ್ ಬರ್ಜರ್ 1972ರ ಬಿಬಿಸಿ ಸರಣಿಯಲ್ಲಿ ಮುಂದಿಟ್ಟರು. ಆದರೆ ದರ್ಪಣಸುಂದರಿಯಂಥ ಮದನಿಕೆಯರು ಸೂರಿನ ಕೆಳಗೆ ವಾಲಿ ನಿಂತವರು, ನೋಡುವವರು ಗುಡಿಯ ಜಗತಿಯ (ಕಟ್ಟೆಯ) ಮೇಲೆ ಸುತ್ತು ಬರುತ್ತ ತಲೆಯೆತ್ತಿ ನೋಡಬೇಕು. ಅಲ್ಲಿ ಗಂಡುನೋಟ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಇದ್ದರೆ ಅದನ್ನು ಆ ಶಿಲ್ಪದ ಜಾಗ, ಎತ್ತರ, ಭಂಗಿಗಳಿಂದಲೇ ತೋರಿಸಿಕೊಡಬೇಕು.

ದೃಷ್ಟಿಕೋನ ಎಂದರೆ ಅಭಿಪ್ರಾಯದ ನೆಲೆ: ಆರ್ಥಿಕ ದೃಷ್ಟಿಕೋನ, ವೈಜ್ಞಾನಿಕ ದೃಷ್ಟಿಕೋನ. ಪುರುಷ ದೃಷ್ಟಿಕೋನ ಎಂದ ಕೂಡಲೇ ಗಂಡಸರು ಏನೆನ್ನುತ್ತಾರೆ ಎಂಬ ಅರ್ಥ ಮುಂದೆ ಬಂದು ಕಣ್ಣಿನ ಕೆಲಸ ಹಿಂದೆ ಸರಿಯುತ್ತದೆ. ಬರೀ ದೃಷ್ಟಿ ಎಂದರೆ ನಮ್ಮಲ್ಲಿ ಅದು ತಾಗುತ್ತದೆ, ಬೊಟ್ಟಿಟ್ಟು ತಡೆಯುತ್ತೇವೆ, ನಿವಾಳಿಸಿ ತೆಗೆಯುತ್ತೇವೆ.

‘ನೋಟ’ಕ್ಕೆ ಒಂದು ಅನುಕೂಲವಿದೆ. ನೋಡುವ ಕ್ರಿಯೆಯೂ ನೋಟ, ಕಣ್ಣಿಗೆ ಬೀಳುವ ದೃಶ್ಯವೂ ನೋಟ. ಗಂಡುನೋಟದಲ್ಲಿ ಈ ಎರಡೂ ಒಟ್ಟಿಗೇ ತಯಾರಾಗುತ್ತವೆ, ನೋಡುವವನಿಗೆ ತಕ್ಕಂತೆ ನೋಡುವ ವಸ್ತು. ತೊಡಕುಗಳೂ ಇವೆ. ಗಂಡೆದೆ, ಗಂಡುಮೆಟ್ಟಿನ ನಾಡು ಎನ್ನುವಲ್ಲಿ ಗಂಡು ಎಂದರೆ ಕೆಚ್ಚು. ಯಕ್ಷಗಾನವನ್ನು ಗಂಡುಕಲೆ ಎನ್ನುವಾಗಲೂ ಅದೇ ಧ್ವನಿ. ಆದ್ದರಿಂದ ಪಠ್ಯದಲ್ಲಿ ಪದ ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡಲೇಬೇಕು. ಇದಕ್ಕೆ ಜೋಡಿಯಾಗಿ ‘ಹೆಣ್ಣುನೋಟ’ ಎಂದು ಮಾತ್ರ ಬರೆಯಬೇಡಿ. ಹೆಣ್ಣು ನೋಡುವ ಶಾಸ್ತ್ರ ಇರುವ ಭಾಷೆಯಲ್ಲಿ ಅದು ಹೆಣ್ಣನ್ನು ನೋಡುವುದು ಎಂದೇ ಕೇಳಿಸುತ್ತದೆ. ಗಂಡಿನ ಕಡೆಗೆ ಹೋದವರು ಮನೆ, ಜಮೀನು, ನೌಕರಿ ನೋಡಿ ಬರುತ್ತಾರೆ. ತಟ್ಟೆ ಹಿಡಿದು ಬಂದು ಕೂತು ನೋಡಿಸಿಕೊಳ್ಳುವ ಶಾಸ್ತ್ರ ಹೆಣ್ಣಿಗೇ. ‘ಹೆಣ್ಣಿನ ನೋಟ’ ಎಂದು ಷಷ್ಠಿ ಹಚ್ಚಿ ಬರೆದರೆ ಗೊಂದಲವಿಲ್ಲ.

ಇನ್ನು ನಿಮ್ಮ ವಾಕ್ಯ. ಹಾಡಿಗೆ ಈ ಪದ ಸಲ್ಲುತ್ತದೆಯೇ ಎಂದು ಮೊದಲು ಪರೀಕ್ಷಿಸಿ. ದನಿ ಮುಚ್ಚಿ, ಒಂದೊಂದೇ ಶಾಟ್ ನೋಡಿ. ಸಾಮಾನ್ಯ ಜೋಡಣೆ ಹೀಗಿರುತ್ತದೆ: ನಾಯಕನ ಮುಖ, ಕಣ್ಣು ಮೇಲೆತ್ತುತ್ತಾನೆ, ಕಟ್, ಅವಳ ಪಾದ ಅಥವಾ ಗೆಜ್ಜೆಯಿಂದ ಕ್ಯಾಮೆರಾ ಮೇಲಕ್ಕೆ ಟಿಲ್ಟ್, ಸೊಂಟದ ಬಳಿ ನಿಧಾನ, ಮುಖ ಕೊನೆಗೆ, ಕಟ್, ಮತ್ತೆ ನಾಯಕ. ಅವನ ಕಣ್ಣಿಗೆ ಕಂಡದ್ದನ್ನು ತೋರಿಸುವ ಶಾಟ್ ಎಷ್ಟು, ಅವಳ ಕಣ್ಣಿಗೆ ಕಂಡದ್ದು ಎಷ್ಟು ಎಂದು ಎಣಿಸಿ. ಬಳಿಕ ನಾಯಕನ ಎರಡು ಶಾಟ್ ತೆಗೆದುಹಾಕಿದಂತೆ ಊಹಿಸಿಕೊಳ್ಳಿ. ಕತೆಯೊಳಗೆ ಯಾರೂ ನೋಡುತ್ತಿಲ್ಲದಾಗಲೂ ಆ ಟಿಲ್ಟ್ ಹಾಗೇ ಉಳಿದರೆ ನೋಡುತ್ತಿರುವುದು ಕ್ಯಾಮೆರಾವೇ. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ: ನರ್ತಕಿ ನೇರ ಲೆನ್ಸಿಗೆ ಕಣ್ಣಿಟ್ಟಳು, ಆದ್ದರಿಂದ ನೋಟ ಅವಳದ್ದು ಎಂದುಬಿಡುತ್ತಾರೆ. ಅವಳು ಕಂಡದ್ದೇನು ಎಂದು ಮುಂದಿನ ಶಾಟ್ ತೋರಿಸದಿದ್ದರೆ ಆ ಕಣ್ಣೂ ಅಲಂಕಾರದ ಭಾಗವೇ. ನಮ್ಮ ಕಾವ್ಯದ ಕುಡಿನೋಟ, ಓರೆನೋಟಗಳನ್ನೂ ಹೀಗೇ ಓದಿ. ಹೆಣ್ಣೇ ನೋಡುತ್ತಾಳೆ, ಆದರೆ ಅದು ನಾಟುವುದು ಯಾರಿಗೆಂಬ ವರ್ಣನೆಯೇ ಅಲ್ಲಿ ಹೆಚ್ಚು; ಅವಳಿಗೆ ಏನು ಕಂಡಿತೆಂಬುದು ಕಡಿಮೆ.

ಈ ಪರೀಕ್ಷೆಯಲ್ಲಿ ಹಾಡು ಸಿಕ್ಕಿಬಿದ್ದರೆ ಹೀಗೆ ಬರೆಯಿರಿ: “ಈ ಹಾಡಿನ ಶಾಟ್‌ಗಳು ನಾಯಕಿಯನ್ನು ಗಂಡುನೋಟಕ್ಕೆ ಒಡ್ಡುತ್ತವೆ.” ‘ಚಿತ್ರಿಸಲಾಗಿದೆ’ ಎಂದರೆ ಮಾಡಿದವರು ಮರೆಯಾಗುತ್ತಾರೆ. ‘ಅವನು ಗಂಡುನೋಟ ಬೀರಿದ’ ಎಂಬ ಬಳಕೆ ತಪ್ಪು. ಒಬ್ಬ ವ್ಯಕ್ತಿ ದಿಟ್ಟಿಸಿದ್ದಕ್ಕೆ ದುರುಗುಟ್ಟಿದ, ನುಂಗುವಂತೆ ನೋಡಿದ ಮುಂತಾದವು ಇವೆ.

ಉತ್ತರ 2

ಗಂಡುನೋಟಕ್ಕೆ ನನ್ನದೂ ಒಪ್ಪಿಗೆ. ಎರಡನೆಯ ಪ್ರಶ್ನೆಗೆ: ಕಲೆ, ಮಾಧ್ಯಮಗಳ ವಿಷಯದಲ್ಲಿ ಪುರುಷಪ್ರಧಾನ ವ್ಯವಸ್ಥೆ ಎನ್ನಿ. ‘ಪಿತೃ’ ಎಂದರೆ ತಂದೆ, ಮನೆತನ, ಆಸ್ತಿ ಎಂದು ಮನಸ್ಸು ಓಡುತ್ತದೆ. ತುಳುನಾಡಿನ ಅಳಿಯಸಂತಾನದಲ್ಲಿ ವಂಶ ಎಣಿಸುವುದು ತಾಯಿಯ ಕಡೆಯಿಂದ, ಆದರೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತು. ಪಿತೃ ಇಲ್ಲದೆಯೂ ಪುರುಷ ಪ್ರಧಾನನಾಗಿರಬಲ್ಲ.

ಪಠ್ಯಕ್ಕೆ ಚಿತ್ರವೊಂದು ಬೇಕಿದ್ದರೆ ಯೋಹಾನ್ ಝೊಫಾನಿ 1771–72ರಲ್ಲಿ ಬರೆದ, ಲಂಡನ್ನಿನ ರಾಯಲ್ ಅಕಾಡೆಮಿ ಸದಸ್ಯರ ಗುಂಪುಚಿತ್ರ ಕೊಡಿ. 1768ರಲ್ಲಿ ಅಕಾಡೆಮಿ ಕಟ್ಟಿದವರಲ್ಲಿ ಆಂಜೆಲಿಕಾ ಕಾಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಕಲಾವಿದೆಯರಿದ್ದರು. ಚಿತ್ರದಲ್ಲಿ ಗಂಡಸರೆಲ್ಲ ನಗ್ನ ಪುರುಷ ರೂಪದರ್ಶಿಗಳ ಸುತ್ತ ನೆರೆದಿದ್ದಾರೆ. ಹೆಂಗಸರು ಆ ಕೋಣೆಯಲ್ಲಿರುವುದು ಸಲ್ಲದೆಂದು ಆ ಇಬ್ಬರನ್ನು ಗೋಡೆಯ ಮೇಲಿನ ಭಾವಚಿತ್ರಗಳಾಗಿ ತೂಗುಹಾಕಿದ್ದಾನೆ. ಮಾದರಿ ನೋಡಿ ಮೈಕಟ್ಟು ಬರೆಯಲು ಕಲಿಯದವರಿಗೆ ಪುರಾಣ, ಚರಿತ್ರೆಯ ದೊಡ್ಡ ಚಿತ್ರಗಳು ಎಟುಕುವುದು ಕಷ್ಟವಿತ್ತು. ಹೆಚ್ಚಿನವರು ಹೂವು, ಭಾವಚಿತ್ರಗಳಿಗೆ ತೃಪ್ತಿಪಡಬೇಕಿತ್ತು. ಗಂಡುನೋಟ ಎಲ್ಲಿಂದ ಬಲ ಪಡೆಯುತ್ತದೆ ಎಂದು ವಿವರಿಸಲು ಇಂಥ ಕಟ್ಟಳೆಗಳನ್ನು ಹೇಳಲೇಬೇಕು.

‘ವ್ಯವಸ್ಥೆ’ ಎಂಬ ಬಾಲವನ್ನು ಮಾತ್ರ ಕತ್ತರಿಸಬೇಡಿ. ಚಿತ್ರರಂಗದ ಮಾತಿನಲ್ಲಿ ‘ಮಹಿಳಾ ಪ್ರಧಾನ ಚಿತ್ರ’ ಎಂದರೆ ನಾಯಕಿಯ ಸುತ್ತ ಹೆಣೆದ ಕತೆ, ಅಷ್ಟೇ. ಅದೇ ಜಾಡಿನಲ್ಲಿ ‘ಪುರುಷಪ್ರಧಾನ ಚಿತ್ರ’ವನ್ನು ನಾಯಕನ ಕತೆ ಎಂದು ಓದುತ್ತಾರೆ. ಜಾಗ ಸಾಲದಿದ್ದರೆ ‘ಪುರುಷಾಧಿಪತ್ಯ’ ಎನ್ನಿ, ಅದರಲ್ಲಿ ಅಧಿಕಾರದ ಅರ್ಥ ಸ್ಪಷ್ಟವಾಗಿದೆ.